ದೊಡ್ಡಪ್ಪುವಿನ ಕಣ್ಣಿನ ಚಿತ್ರ

"ಆ ಹುಡುಗನ ಕೈಗೆ ಬೈಕಿನ ಕೀ ಕೊಟ್ಟೋರು ಯಾರು?"

ಅತ್ತೆ ಸುಭದ್ರಮ್ಮನ ಕೂಗು ಕೇಳಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಶಾಂಭವಿಯ ಕೈ ಹಾಗೇ ನಿಂತುಬಿಟ್ಟಿತು. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದು ನೋಡಿದರೆ, ಅವಳ ಮಗ ದೊಡ್ಡಪ್ಪು ಬೈಕಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಪಾಪ, ಬೀದಿಯ ತುದಿಯವರೆಗೆ ಹೋಗಿ ಹಾಲಿನ ಪ್ಯಾಕೆಟ್ ತಂದಿದ್ದನಷ್ಟೆ! ಸುಭದ್ರಮ್ಮ ಅವನ ಕೈಯಿಂದ ಕೀ ಕಿತ್ತುಕೊಂಡಿದ್ದರು. ಭದ್ರಾವತಿಯ ಜನ್ನಾಪುರದಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದರಿಂದ ಆಚೀಚೆಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ಕಣ್ಣು ಹೋಗ್ತಿರೋ ಹುಡುಗ! ನಾಳೆ ಯಾವುದಾದ್ರೂ ಲಾರಿ ಕೆಳಗೆ ಬಿದ್ರೆ ಊರೋರು ನನ್ನನ್ನ ಕೇಳ್ತಾರೆ, ಇವನ ಅವ್ವನ್ನಲ್ಲ. ಲೋ ಸಣ್ಣಪ್ಪು, ಬಾ ಇಲ್ಲಿ. ಇವತ್ತಿಂದ ಈ ಗಾಡಿ ನಿಂದು. ಹಿಡ್ಕೋ!"

ಕಿರಿಯ ಸೊಸೆ ಭವಾನಿಯ ಮಗ ಸಣ್ಣಪ್ಪು ನಗುತ್ತ ಕೈ ಚಾಚಿದ. ಅಜ್ಜಿ ಎಸೆದ ಕೀ ಅವನ ಎಡಗೈ ಪಕ್ಕದಲ್ಲೇ ಹಾದು ನೆಲಕ್ಕೆ ಬಿತ್ತು. "ಹಿಡಿಯೋಕೂ ಬರಲ್ವೇನೋ, ಬರೀ ಮೊಬೈಲ್ ಧ್ಯಾನ!" ಎಂದು ಭವಾನಿ ಗದರಿದಳು. ಅವನು ಬಗ್ಗಿ ಅಲ್ಲಿ ಇಲ್ಲಿ ಕೈಯಾಡಿಸಿ ಕೀ ಎತ್ತಿಕೊಂಡ. ಆಗ ಯಾರಿಗೂ ಏನೂ ಅನ್ನಿಸಲಿಲ್ಲ. ಎಲ್ಲರ ಕಣ್ಣೂ ದೊಡ್ಡಪ್ಪುವಿನ ಮೇಲೆಯೇ ಇತ್ತು.

ಈ ಇಬ್ಬರ ಹೆಸರಿನ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಸುಭದ್ರಮ್ಮನ ಗಂಡ ಕೊಟ್ರಬಸಪ್ಪನವರು ತೀರಿಕೊಂಡ ಮರುವರ್ಷ ಇಬ್ಬರು ಸೊಸೆಯಂದಿರೂ ಬಸುರಾದರು. ಕಿರಿಯ ಮಗ ಸತೀಶನ ಹೆಂಡತಿ ಭವಾನಿಗೆ ಮೊದಲು ಗಂಡು ಹುಟ್ಟಿತು, ಅಜ್ಜನ ಹೆಸರಿಟ್ಟರು. ಕೆಲವು ತಿಂಗಳ ಮೇಲೆ ಹಿರಿಯ ಮಗ ಶಿವರಾಜನ ಹೆಂಡತಿ ಶಾಂಭವಿಗೂ ಗಂಡೇ ಹುಟ್ಟಿದಾಗ, "ಹಿರಿಯ ಮಗನ ಮನೆಗೆ ಆ ಹೆಸರು ಬೇಡ್ವಾ?" ಎಂದು ಸುಭದ್ರಮ್ಮ ಹಟ ಹಿಡಿದರು. ಹೀಗೆ ಒಂದೇ ಮನೆಯಲ್ಲಿ ಇಬ್ಬರು ಕೊಟ್ರಬಸಪ್ಪಂದಿರು! ಅಪ್ಪಂದಿರ ಹೆಸರಿನ ಮೊದಲಕ್ಷರವೂ ಒಂದೇ ಆದ್ದರಿಂದ ಎಲ್ಲ ಕಡೆ ಇಬ್ಬರೂ ಕೊಟ್ರಬಸಪ್ಪ ಎಸ್. ಆದರೆ ಮಾವನ ಹೆಸರನ್ನು ಸೊಸೆಯಂದಿರು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಮಕ್ಕಳನ್ನು ಊಟಕ್ಕೆ ಕರೆಯುವುದಾದರೂ ಹೇಗೆ? ಅದಕ್ಕೂ ಸುಭದ್ರಮ್ಮನೇ ದಾರಿ ಮಾಡಿದರು. ಹಿರಿಯ ಮಗನ ಮಗ ದೊಡ್ಡಪ್ಪು, ಕಿರಿಯ ಮಗನ ಮಗ ಸಣ್ಣಪ್ಪು. ವಯಸ್ಸಿನಲ್ಲಿ ಸಣ್ಣಪ್ಪುವೇ ದೊಡ್ಡವನು ಎಂಬುದನ್ನು ಹತ್ತೊಂಬತ್ತು ವರ್ಷಗಳಲ್ಲಿ ಆ ಮನೆಯವರು ಮರೆತೇಬಿಟ್ಟಿದ್ದರು.

ಹೆಸರಿನ ಜೊತೆಗೆ ಅಜ್ಜ ಇನ್ನೊಂದನ್ನೂ ಬಿಟ್ಟುಹೋಗಿದ್ದರು. ನಲವತ್ತು ದಾಟುವ ಮೊದಲೇ ಅವರ ಎರಡೂ ಕಣ್ಣು ಕತ್ತಲಾಗಿದ್ದವು. ಹೋದ ದಸರೆಯ ಹೊತ್ತಿಗೆ ಕನ್ನಡಕ ಬದಲಿಸಲು ಹೋದ ಶಿವರಾಜನ ಬಾಯಿಂದ ಈ ವಿಷಯ ಕೇಳಿದ ಊರಿನ ಕಣ್ಣಿನ ಡಾಕ್ಟರು, "ಇದು ಕಣ್ಣಿನ ಒತ್ತಡ ಏರಿ ನರ ಸವೆಯುವ, ವಂಶದಲ್ಲಿ ಇಳಿದು ಬರುವ ಗ್ಲಾಕೋಮಾ ಇರಬಹುದು, ಮಕ್ಕಳನ್ನು ಕರೆತನ್ನಿ" ಎಂದರು. ಇಬ್ಬರು ಹುಡುಗರ ಕಣ್ಣಿನ ಒತ್ತಡವೂ ಮಿತಿಯ ಅಂಚಿನಲ್ಲಿತ್ತು. ಅಷ್ಟರಿಂದ ಏನೂ ಹೇಳಲಾಗದು, ಕಣ್ಣಿನ ಹಿಂಭಾಗದ ನರದ ತಲೆಯನ್ನೇ ಚಿತ್ರ ತೆಗೆದು ಅಳೆಯಬೇಕು ಎಂದು ಶಿವಮೊಗ್ಗದ ಸ್ಕ್ಯಾನ್ ಸೆಂಟರಿಗೆ ಬರೆದುಕೊಟ್ಟರು. ರಿಪೋರ್ಟು ಬಂತು. ಸತೀಶನ ಮಗನದು ಹಸಿರು, ಸರಿಯಾಗಿದೆ. ಶಿವರಾಜನ ಮಗನದು ಕೆಂಪು... ನರ ಸವೆದಿದೆ! ಅಂದಿನಿಂದ ಆ ಮನೆಯೊಳಗೆ ಭಯವೆಂಬುದು ಬಂದು ಕೂತುಬಿಟ್ಟಿತು. ದೊಡ್ಡಪ್ಪು ಲೋಟ ಇಟ್ಟ ಸದ್ದು ಸ್ವಲ್ಪ ಜೋರಾದರೂ ಶಾಂಭವಿ ಬೆಚ್ಚುತ್ತಿದ್ದಳು. ಅಪ್ಪ, ಚಿಕ್ಕಪ್ಪ ಸೇರಿ ನಡೆಸುವ ಮೋಟಾರ್ ವೈಂಡಿಂಗ್ ಅಂಗಡಿಗೆ ಅವನು ಹೋಗುವುದು ನಿಂತಿತು. "ನಿನ್ನ ತವರಿನ ಕಡೆ ಯಾರಿಗಾದ್ರೂ ಇತ್ತೇನೋ, ಸರಿಯಾಗಿ ಕೇಳು" ಎಂದು ಸುಭದ್ರಮ್ಮ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದರು. ಕುರುಡಾದವರು ಅವರದೇ ಗಂಡ! ಆದರೂ ಅತ್ತೆಯ ಎದುರು ಅದನ್ನು ಹೇಳುವವರಾರು?

ಕೀ ಕಿತ್ತುಕೊಂಡ ಮಾರನೆಯ ದಿನವೇ ಶಾಂಭವಿ ಮಗನನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಇಷ್ಟು ತಿಂಗಳು ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ನರ ಎಷ್ಟು ಉಳಿದಿದೆ ಎಂದು ಮತ್ತೆ ಅಳೆಸಬೇಕಿತ್ತು. ಈ ಬಾರಿ ಸವಳಂಗ ರಸ್ತೆಯ ಡಾಕ್ಟರ್ ಶರಾವತಿಯವರ ಆಸ್ಪತ್ರೆಗೆ ಹೋಗಿ ಎಂದು ಊರಿನ ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಮಗ, "ಅಮ್ಮ, ನನಗೇನೂ ಕಮ್ಮಿ ಕಾಣ್ತಾ ಇಲ್ಲ ಕಣೆ, ನಿಜವಾಗ್ಲೂ" ಎಂದ. "ಇದು ಕೊನೇವರೆಗೂ ಗೊತ್ತಾಗದ ರೋಗವಂತೆ ಮಗನೇ" ಎಂದು ಹೇಳಲು ಬಾಯಿ ತೆರೆದವಳು ಹೇಳಲಾರದೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಯಂತ್ರದ ಮುಂದೆ ಗದ್ದ ಊರಿ ಕೂತ ಮಗನ ಬೆನ್ನನ್ನೇ ಅವಳು ನೋಡುತ್ತಿದ್ದಳು. ಹಸಿರು ಬೆಳಕು ಬಂತು, ಹೋಯಿತು. ಡಾಕ್ಟರ್ ಶರಾವತಿ ಹೊಸ ಚಿತ್ರವನ್ನೂ ಹಳೆಯ ರಿಪೋರ್ಟಿನ ಚಿತ್ರವನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಶಾಂಭವಿಯೇ ಕೇಳಿದಳು.

"ತುಂಬಾ ಹೋಗಿದೆಯಾ ಡಾಕ್ಟ್ರೇ? ಹೇಳಿಬಿಡಿ... ನಾನು ತಡ್ಕೋತೀನಿ."

"ಇಲ್ಲಮ್ಮ, ಇಲ್ಲಿ ಬನ್ನಿ. ಈ ದುಂಡಗೆ ಕಾಣ್ತಿರೋದು ನರದ ತಲೆ. ನಡುವೆ ಬೆಳ್ಳಗಿರೋದು ಗುಳಿ. ಈ ಗುಳಿ ಹಿಗ್ಗಿದಷ್ಟೂ ಸುತ್ತಲಿನ ಅಂಚು ಸವೀತಾ ಹೋಗುತ್ತೆ. ಆ ಅಂಚು ಎಷ್ಟು ದಪ್ಪ ಉಳಿದಿದೆ ಅಂತಾನೇ ಈ ಮೆಷಿನ್ ಅಳೆಯೋದು. ಹಳೇ ಚಿತ್ರದಲ್ಲಿ ಅಂಚು ತುಂಬಾ ತೆಳುವಾಗಿದೆ. ಇವತ್ತಿಂದರಲ್ಲಿ ದಪ್ಪ ಇದೆ, ಚೆನ್ನಾಗಿದೆ."

"ಅಂದ್ರೆ... ಡ್ರಾಪ್ಸ್ ಹಾಕಿದ್ದಕ್ಕೆ ವಾಸಿ ಆಯ್ತಾ?" ಶಾಂಭವಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಅಯ್ಯೋ ಶಿವನೇ! ವಾಸಿ ಆಯ್ತಾ?"

"ಸವೆದ ನರ ಮತ್ತೆ ಬೆಳೆಯಲ್ಲಮ್ಮ. ಅದಕ್ಕೇ ನನಗೆ ಅನುಮಾನ ಬಂತು. ಈ ಕೆಂಪು ಗೆರೆಗಳು ರಕ್ತನಾಳ, ನೋಡಿ. ಹಳೇದರಲ್ಲಿ ಗುಳಿಯೊಳಗೇ ಕವಲೊಡೆದಿವೆ. ನಿಮ್ಮ ಮಗನದ್ರಲ್ಲಿ ಗುಳಿಯಿಂದ ಹೊರಗೆ ಬಂದಮೇಲೆ ಕವಲೊಡೆದಿವೆ. ರೋಗ ಬಂದ್ರೆ ಗುಳಿ ಬದಲಾಗುತ್ತೆ, ಕವಲೊಡೆಯೋ ಜಾಗ ಬದಲಾಗಲ್ಲ. ಹೆಬ್ಬೆಟ್ಟಿನ ಗುರುತಿದ್ದ ಹಾಗೆ ಇದು." ಡಾಕ್ಟರು ಅವಳತ್ತ ತಿರುಗಿದರು. "ಈ ಹಳೇ ಚಿತ್ರದಲ್ಲಿರೋದು ನಿಮ್ಮ ಮಗನ ಕಣ್ಣಲ್ಲಮ್ಮ. ಬೇರೆ ಯಾರದೋ."

ಶಾಂಭವಿಯ ಕಣ್ಣಿಂದ ದಳದಳನೆ ನೀರಿಳಿಯಿತು. ಮಗನ ತಲೆಯನ್ನು ಎದೆಗೊತ್ತಿಕೊಂಡು ಅಲ್ಲೇ, ಆ ಡಾಕ್ಟರ ಎದುರೇ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮಗನಿಗೆ ಏನೂ ಆಗಿಲ್ಲ... ನನ್ನ ಬಂಗಾರಕ್ಕೆ ಏನೂ ಆಗಿಲ್ಲ! ಆ ಸಂತೋಷ ಅವಳಿಗೆ ಎಷ್ಟು ಹೊತ್ತು ದಕ್ಕಿತು? ಡಾಕ್ಟರು ಮುಂದಿನ ಪ್ರಶ್ನೆ ಕೇಳುವವರೆಗೆ ಮಾತ್ರ.

"ಆವತ್ತು ಸ್ಕ್ಯಾನ್‌ಗೆ ನಿಮ್ಮ ಜೊತೆ ಬೇರೆ ಯಾರಾದ್ರೂ ಬಂದಿದ್ರಾ?"

ಸಣ್ಣಪ್ಪು ಬಂದಿದ್ದ! ಒಡನೆ ಆ ದಿನ ಕಣ್ಣ ಮುಂದೆ ಬಂತು. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಸ್ಕ್ಯಾನ್ ಸೆಂಟರು, ಕಾಲಿಡಲು ಜಾಗವಿಲ್ಲದಷ್ಟು ಜನ. ಕೌಂಟರಿನ ಹುಡುಗಿ ಎರಡು ಆಧಾರ್ ಕಾರ್ಡು ಹಿಡಿದು, "ಎರಡೂ ಒಂದೇ ಹೆಸರಾ ಆಂಟಿ! ಈಗ ಒಳಗೆ ಹೋಗೋದು ಯಾವ ಹುಡುಗ?" ಎಂದು ನಕ್ಕಿದ್ದಳು. ಅಂಥ ಹೊತ್ತಿನಲ್ಲೂ ಮಾವನ ಹೆಸರು ಹೇಳಲು ಶಾಂಭವಿಗೆ ನಾಲಿಗೆ ಏಳಲಿಲ್ಲ. "ದೊಡ್ಡೋನು ಮೊದಲು" ಎಂದುಬಿಟ್ಟಿದ್ದಳು. ಒಳಗೆ ಹೋದವನು ಅವಳ ಮಗ ದೊಡ್ಡಪ್ಪು. ಹುಡುಗಿ ಹುಟ್ಟಿದ ತಾರೀಖು ನೋಡಿ ದೊಡ್ಡವನ ಕಾರ್ಡನ್ನೇ ತೆಗೆದು ಟೈಪು ಮಾಡಿದ್ದಳು. ಆ ಕಾರ್ಡು ಸಣ್ಣಪ್ಪುವಿನದು! ಕಾರ್ಡಿನ ಮೇಲಿನ ಎಳೆ ವಯಸ್ಸಿನ ಫೋಟೋಗಳಲ್ಲಿ ಇಬ್ಬರೂ ಒಂದೇ ಥರ. ಇವನ ಒಳ್ಳೆಯ ಕಣ್ಣು ಅವನ ಕಾರ್ಡಿಗೆ ಹೋಯಿತು. ಅವನ ಸವೆದ ಕಣ್ಣು ಇವನ ಕಾರ್ಡಿಗೆ ಬಂತು. ಇಷ್ಟು ತಿಂಗಳು ಒಳ್ಳೆಯ ಕಣ್ಣಿಗೆ ಔಷಧಿ ಬಿದ್ದಿದೆ. ಸವೆಯುತ್ತಿದ್ದ ಕಣ್ಣಿಗೆ... ಏನೂ ಇಲ್ಲ.

"ಆ ಹುಡುಗನನ್ನ ತಡಮಾಡದೆ ಕರ್ಕೊಂಡು ಬನ್ನಿ. ಒಂದೊಂದು ದಿನವೂ ಮುಖ್ಯ," ಎಂದರು ಡಾಕ್ಟರು. "ಅಲ್ಲೀವರೆಗೆ ಗಾಡಿ ಓಡಿಸೋದು ಬೇಡ. ಪಕ್ಕದಿಂದ ಬರೋದು ಅವನಿಗೆ ಕಾಣದೇ ಇರಬಹುದು."

ಗಾಡಿ! ಬೆಳಿಗ್ಗೆ ಶಾಂಭವಿ ಹೊರಟಾಗಲೇ ಸಣ್ಣಪ್ಪು ರಿಪೇರಿಯಾದ ಮೋಟಾರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಆಯನೂರಿಗೆ ಹೊರಟಿದ್ದ. ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಮಗನ ಕೈಗೆ ಫೋನು ಕೊಟ್ಟು, "ನೀನು ಮಾಡು, ನೀನು ಮಾಡ್ತಾನೇ ಇರು!" ಎಂದು ಬಸ್ಸಿಗೆ ಓಡಿದಳು. ದಾರಿಯುದ್ದಕ್ಕೂ ಎದುರಿಂದ ಬೈಕು ಬಂದಾಗಲೆಲ್ಲ ಸೀಟಿನಿಂದ ಏಳುತ್ತಿದ್ದಳು. ಅಜ್ಜಿ ಎಸೆದ ಕೀ ಹಿಡಿಯಲಾಗದೆ ಅವನು ನೆಲ ತಡವಿದ್ದು ಈಗ ಅವಳಿಗೆ ಅರ್ಥವಾಯಿತು. ಹೋದ ತಿಂಗಳು ಬಾಗಿಲ ಪಕ್ಕದ ನೀರಿನ ಕೊಡಕ್ಕೆ ಕಾಲು ತಾಗಿಸಿ ಬೈಸಿಕೊಂಡಿದ್ದೂ ನೆನಪಾಯಿತು. ನಡುವೆ ಒಮ್ಮೆ, ಒಂದೇ ಒಂದು ಸಲ, ಹಾಳು ಯೋಚನೆಯೊಂದು ಸುಳಿಯಿತು. ಹೇಳದಿದ್ದರೆ? ಇಷ್ಟು ದಿನ ನನ್ನನ್ನೂ ನನ್ನ ಮಗನನ್ನೂ ಅರೆದು ಹಾಕಿದವರಿಗೆ ನಾನೇ ಹೋಗಿ ಹೇಳಬೇಕೆ? ಮರುಕ್ಷಣವೇ ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮಕ್ಕಳು ಚಿಕ್ಕವರಿದ್ದಾಗ, ಭವಾನಿಗೆ ಜ್ವರ ಬಂದಾಗಲೆಲ್ಲ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿಕೊಂಡು ಹಾಲು ಕುಡಿಸಿದ್ದವಳು ಅವಳೇ ಅಲ್ಲವೆ?

ಮನೆ ಮುಟ್ಟಿದಾಗ ಸಣ್ಣಪ್ಪು ಆಯನೂರಿನಿಂದ ಸುರಕ್ಷಿತವಾಗಿ ಬಂದಿದ್ದ, ಊಟಕ್ಕೆ ಕೂತಿದ್ದ. ಅವನನ್ನು ಕಂಡೊಡನೆ ಶಾಂಭವಿ ಬಾಗಿಲಲ್ಲೇ ಕುಸಿದು ಕೂತಳು. ಏದುಸಿರಲ್ಲೇ ಎಲ್ಲವನ್ನೂ ಹೇಳಿದಳು. ಕೌಂಟರು, ಕಾರ್ಡು, ದೊಡ್ಡೋನು ಎಂದದ್ದು... ಯಾವುದನ್ನೂ ಮುಚ್ಚಿಡಲಿಲ್ಲ. ಆಮೇಲೆ ಭವಾನಿ ಎದ್ದಳು.

"ಅಕ್ಕಾ, ನಿನ್ನ ಮಗನ ರೋಗನ ನನ್ನ ಮಗನ ತಲೆಗೆ ಕಟ್ಟೋಕೆ ಬಂದ್ಯಾ?"

"ಭವಾನಿ, ದೇವರಾಣೆ..."

"ದೇವರ ಹೆಸರು ಎತ್ತಬೇಡ! ಬೆಳಿಗ್ಗೆವರೆಗೂ ನಿನ್ನ ಮಗನ ಕಣ್ಣು ಹೋಗ್ತಿತ್ತು. ಮಧ್ಯಾಹ್ನಕ್ಕೆ ನನ್ನ ಮಗಂದು ಹೋಗೋಕೆ ಶುರುವಾಯ್ತಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಕು ಮಾರಾಯ್ತಿ!"

"ನಾನು ಮೊದಲೇ ಹೇಳ್ಲಿಲ್ವಾ," ಎಂದರು ಸುಭದ್ರಮ್ಮ. ಅವರ ದನಿ ಎಂದಿನಂತೆ ಜೋರಾಗಿರಲಿಲ್ಲ, ನಡುಗುತ್ತಿತ್ತು. "ಕೀ ಕಿತ್ಕೊಂಡಿದ್ದಕ್ಕೆ ಇವಳು ಹಗೆ ಸಾಧಿಸ್ತಿದಾಳೆ. ನನ್ನ ಮನೇಲಿ ಇನ್ನೊಬ್ಬರ ಕಣ್ಣು ಹೋಗಲ್ಲ. ಸಾಕು! ಲೋ ಸಣ್ಣಪ್ಪು, ನೀನು ಅಂಗಡಿಗೆ ಹೊರಡು."

ಸಣ್ಣಪ್ಪು ಯಾರ ಮುಖವನ್ನೂ ನೋಡದೆ ಕೈ ತೊಳೆದು ಹೊರಗೆ ಹೋದ. ಬೈಕು ಗುರ್ ಎಂದಿತು. ಶಾಂಭವಿ ಅಂಗಳಕ್ಕೆ ಓಡಿದಳು. "ಸಣ್ಣಪ್ಪೂ!" ಎಂದಳು. ಅವನು ತಿರುಗಲಿಲ್ಲ, ಬೈಕು ಗೇಟು ದಾಟಿತು. ಬಲಗಡೆಯಿಂದ ಆಟೋವೊಂದು ಬರುತ್ತಿತ್ತು, ಎಡಗಡೆಯ ತಿರುವಿನಿಂದ ಸಿಮೆಂಟಿನ ಟ್ರಾಕ್ಟರ್. ಅವನು ಆಟೋ ನೋಡಿ ಬೈಕು ತಡೆದ. ಟ್ರಾಕ್ಟರ್ ನೋಡಲೇ ಇಲ್ಲ! ಮತ್ತೆ ಆಕ್ಸಿಲರೇಟರ್ ತಿರುಗಿಸಿದ...

"ಕೊಟ್ರಬಸಪ್ಪಾ! ನಿಲ್ಸೋ!"

ಇಡೀ ಬೀದಿಗೆ ಕೇಳಿಸಿತು. ಹುಟ್ಟಿದಾಗಿನಿಂದ ದೊಡ್ಡಮ್ಮನ ಬಾಯಲ್ಲಿ ಕೇಳಿರದ ಹೆಸರು! ಹುಡುಗ ಗಾಬರಿಯಿಂದ ಬ್ರೇಕು ಒತ್ತಿದ. ಟ್ರಾಕ್ಟರ್ ಅವನ ಮುಂದಿನ ಚಕ್ರವನ್ನು ಸವರಿಕೊಂಡೇ ಹೋಯಿತು. ಬೈಕು ಮಗುಚಿತು, ಅವನು ರಸ್ತೆಯ ಬದಿಗೆ ಬಿದ್ದ.

ಭವಾನಿ ಚೀರಿಕೊಂಡು ಓಡಿದಳು. ಮೊಣಕೈ ತರಚಿತ್ತು, ಅಷ್ಟೆ. ಆದರೆ ಗೇಟಿನಲ್ಲಿ ನಿಂತ ಸುಭದ್ರಮ್ಮನ ಮುಖ ಕೆಂಪಾಗಿತ್ತು. "ಮಾವನ ಹೆಸರನ್ನ ಬೀದೀಲಿ ಕೂಗ್ತೀಯಾ?" ಎಂದರು.

"ಕೂಗ್ತೀನಿ ಅತ್ತೆ!" ಶಾಂಭವಿ ಮೊದಲ ಬಾರಿಗೆ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ಆವತ್ತು ಕೌಂಟರಲ್ಲಿ ಇದೇ ಹೆಸರನ್ನ, ಯಾರ ಮಗ ಅನ್ನೋದನ್ನ ಬಾಯಿಬಿಟ್ಟು ಹೇಳಿದ್ರೆ ಈ ಗತಿ ಬರ್ತಿರ್ಲಿಲ್ಲ. ನನ್ನ ಬೈರಿ, ಹೊಡೀರಿ. ಅವನನ್ನ ಮಾತ್ರ ಸ್ಕ್ಯಾನ್‌ಗೆ ಕಳಿಸಿ... ನಿಮ್ಮ ಕಾಲಿಗೆ ಬೀಳ್ತೀನಿ."

"ಬರ್ತೀವಿ," ಎಂದಳು ಭವಾನಿ, ಮಗನ ಮೊಣಕೈಯ ಮಣ್ಣು ಒರೆಸುತ್ತ. ಅವಳ ತುಟಿ ಬಿಳಿಚಿಕೊಂಡಿತ್ತು. "ಅವನು ನೋಡ್ಕೊಂಡು ಹೋಗ್ಲಿಲ್ಲ, ಅದಕ್ಕೇ ಬಿದ್ದ. ಇನ್ನೇನಿಲ್ಲ. ನಾಳೆನೇ ಬರ್ತೀವಿ. ಆದ್ರೆ ಅಕ್ಕಾ, ನನ್ನ ಮಗನ ಕಣ್ಣು ಚೆನ್ನಾಗಿದೆ ಅಂತ ಬಂದ್ರೆ, ನೀನೂ ನಿನ್ನ ಮಗನೂ ಈ ಮನೇಲಿ ಇರಬಾರದು. ಒಪ್ಪಿಗೇನಾ?"

ಶಾಂಭವಿ ಹೂಂ ಎಂದಳು. ಸಂಜೆ ಅಂಗಡಿಯಿಂದ ಬಂದ ಶಿವರಾಜ, ಸತೀಶ ಇಬ್ಬರೂ ವಿಷಯ ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು. ಆ ಮನೆಯ ಗಂಡಸರು ಹೆಂಗಸರ ಜಗಳದಲ್ಲಿ ಬಾಯಿ ಹಾಕುವವರಲ್ಲ, ಹಾಕಬೇಕಾದಾಗಲೂ ಹಾಕುವವರಲ್ಲ.

ಮರುದಿನ ಡಾಕ್ಟರ್ ಶರಾವತಿಯವರ ಆಸ್ಪತ್ರೆಯಲ್ಲಿ ಸಣ್ಣಪ್ಪು ಯಂತ್ರದ ಮುಂದೆ ಗದ್ದ ಊರಿದ. ಸುಭದ್ರಮ್ಮ ಹಟಮಾಡಿ ಜೊತೆಗೆ ಬಂದಿದ್ದರು. ಗೋಡೆಗೊರಗಿ ನಿಂತ ಶಾಂಭವಿ ಕಣ್ಣು ಮುಚ್ಚಿದಳು. ಶಿವನೇ, ನಾನು ಸುಳ್ಳುಗಾತಿಯಾಗಲಿ! ಆ ಡಾಕ್ಟರು ಹೇಳಿದ್ದೆಲ್ಲ ತಪ್ಪಾಗಲಿ, ಬೇರೆ ಯಾವುದೋ ಊರಿನ ಯಾರದೋ ಚಿತ್ರ ನಮ್ಮ ಮನೆಗೆ ಬಂದಿರಲಿ. ಮಗನ ಕೈ ಹಿಡಿದು ಇವತ್ತೇ ಮನೆ ಬಿಟ್ಟು ಹೋಗುತ್ತೇನೆ, ಎಲ್ಲಾದರೂ ಬಾಡಿಗೆ ಕೋಣೆಯಲ್ಲಿ ಇರುತ್ತೇನೆ. ಆ ಹುಡುಗನ ಕಣ್ಣು ಮಾತ್ರ ಚೆನ್ನಾಗಿರಲಿ... ಹಾಗೆ ಬೇಡುವಾಗ ಅವಳಿಗೆ ಭವಾನಿಯ ಮೇಲೆ ಒಂದಿಷ್ಟೂ ಕೋಪವಿರಲಿಲ್ಲ. ತಾಯಿಯ ಹೆದರಿಕೆ ಹೇಗಿರುತ್ತದೆ ಎಂದು ಇಷ್ಟು ತಿಂಗಳು ಅನುಭವಿಸಿದವಳಲ್ಲವೆ ಅವಳು!

ಡಾಕ್ಟರು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಗುಳಿಯೊಳಗೇ ಕವಲೊಡೆದ ರಕ್ತನಾಳ ಇದರಲ್ಲೂ ಅದೇ ಜಾಗದಲ್ಲಿ, ಅದೇ ಬಾಗಿನಲ್ಲಿತ್ತು. ಗುಳಿ ಮಾತ್ರ ಹಿಗ್ಗಿತ್ತು. ಹಳೆಯ ಚಿತ್ರದಲ್ಲಿ ಒಂದಿಷ್ಟು ಉಳಿದಿದ್ದ ಕೆಳಗಿನ ಅಂಚು ಈಗ ಕೂದಲೆಳೆಯಷ್ಟಾಗಿತ್ತು.

"ಇದೇ ಕಣ್ಣು," ಎಂದರು ಡಾಕ್ಟರು ಮೆಲ್ಲಗೆ. "ಎಡಗಣ್ಣಿಂದು ತುಂಬಾ ಹೋಗಿದೆ. ಬಲಗಣ್ಣಿಗೂ ಶುರುವಾಗಿದೆ, ಆದ್ರೆ ಅದನ್ನ ಉಳಿಸ್ಕೋಬಹುದು. ಬೇಗ ಆಪರೇಷನ್ ಮಾಡಿ ಒತ್ತಡ ಇಳಿಸಬೇಕು. ಹೋಗಿರೋದು ಮಾತ್ರ ವಾಪಸ್ ಬರಲ್ಲ."

ಭವಾನಿ ಪರದೆಯನ್ನು ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ಶಾಂಭವಿಯ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಅಕ್ಕಾ, ನೀನು ಸುಳ್ಳು ಹೇಳ್ದೆ ಅಂತ ಹೇಳೇ... ಹಗೆಗೆ ಹೇಳ್ದೆ ಅಂತ ಹೇಳೇ! ನಾನೇನೂ ಅನ್ನಲ್ಲ. ನೀನು ಮನೇಲೇ ಇರು, ನಾನೇ ಹೋಗ್ತೀನಿ. ಒಂದು ಸಲ ಹೇಳೇ ಅಕ್ಕಾ!"

ಶಾಂಭವಿ ಅವಳನ್ನು ತಬ್ಬಿಕೊಂಡಳು. ಇಬ್ಬರು ವಾರಗಿತ್ತಿಯರೂ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಅತ್ತರು.

"ನಂಗೆ ಗೊತ್ತಿತ್ತು ದೊಡ್ಡಮ್ಮ," ಎಂದ ಸಣ್ಣಪ್ಪು. ಎಲ್ಲರೂ ತಿರುಗಿದರು. "ಎಡಗಡೆ ಏನೋ ಮಬ್ಬು ಅಂತ ಗೊತ್ತಿತ್ತು. ರಿಪೋರ್ಟ್ ಚೆನ್ನಾಗಿದೆ ಅಂದಿದ್ರಲ್ಲ, ಅದನ್ನೇ ನಂಬ್ಕೊಂಡಿದ್ದೆ. ದೊಡ್ಡಪ್ಪೂನ ಎಲ್ಲರೂ ಹೆಂಗೆ ನೋಡ್ತಿದ್ರು ಅಂತ ನೋಡಿ... ಹೇಳೋಕೆ ಭಯ ಆಯ್ತು."

ಸುಭದ್ರಮ್ಮ ಇದನ್ನು ಕೇಳಿದರು. ದೊಡ್ಡಪ್ಪುವನ್ನು ಹಾಗೆ ನೋಡಿದವರಲ್ಲಿ ತಾವೇ ಮೊದಲಿಗರು ಎಂಬುದು ಅವರಿಗೆ ತಿಳಿಯದ್ದೇನಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಪರೇಷನ್ನಿನ ದಿನ ಗೊತ್ತುಮಾಡಿಕೊಂಡು ಎಲ್ಲರೂ ಹೊರಗೆ ಬಂದರು. ಮೆಟ್ಟಿಲು ಬಂದೊಡನೆ ಸುಭದ್ರಮ್ಮ ಸರಸರನೆ ಮುಂದೆ ಹೋಗಿ ಸಣ್ಣಪ್ಪುವಿನ ಎಡ ಮೊಣಕೈಯನ್ನು ತಮ್ಮ ಕಂಕುಳಿಗೆ ಸೇರಿಸಿ ಹಿಡಿದುಕೊಂಡರು. "ಮೆಟ್ಲು ಬಂತು, ನಿಧಾನ. ಈಗ ಕಾಲು ಕೆಳಗೆ ಇಡಿ," ಎಂದರು. ಮೊಮ್ಮಗನಿಗೆ ಹೇಳುವ ದನಿಯಲ್ಲ ಅದು, ಬಹುವಚನ! ಕುರುಡಾದ ಗಂಡನನ್ನು ವರ್ಷಾನುಗಟ್ಟಲೆ ಹೀಗೇ ನಡೆಸಿಕೊಂಡು ಹೋಗಿದ್ದ ಆ ಮುದುಕಿಗೆ ತಾನು ಯಾರ ಕೈ ಹಿಡಿದಿದ್ದೇನೆ ಎಂಬುದೇ ಮರೆತುಹೋಗಿತ್ತು.

ಹುಡುಗ ನಿಂತ. ಅವನ ಕಣ್ಣು ತುಂಬಿತ್ತು.

"ಅಜ್ಜಿ, ಕೈ ಬಿಡು. ನಂಗಿನ್ನೂ ಕಾಣ್ಸುತ್ತೆ."

ಸುಭದ್ರಮ್ಮ ಬೆಚ್ಚಿ ಕೈ ಬಿಟ್ಟರು. ಅವನು ಬಲಗೈಯಲ್ಲಿ ಕಂಬಿ ಹಿಡಿದು, ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಅವನು ಕೆಳಗೆ ತಲುಪುವವರೆಗೂ ಆ ಮೂವರು ಹೆಂಗಸರಲ್ಲಿ ಒಬ್ಬರೂ ಮೊದಲ ಮೆಟ್ಟಿಲಿಗೆ ಕಾಲಿಡಲಿಲ್ಲ.